ಗಂಧದ ಕೆಳಗಿನ ಹಾಡು

ತಮಿಳುನಾಡಿನ ಕೊಂಬೈಯಲ್ಲಿ ಮೈಕ್‌ಸೆಟ್ ಬೇಕೆಂದರೆ ಜನ ಜೆಯಲಕ್ಷ್ಮಿಯ ಮನೆಗೆ ಬರುತ್ತಾರೆ. ಮದುವೆ, ಕಿವಿ ಚುಚ್ಚುವುದು, ಹೊಸ ಮನೆಯಲ್ಲಿ ಹಾಲುಕ್ಕಿಸುವುದು, ಪಕ್ಷದ ಸಭೆ, ಯಾವುದಾದರೂ ಸರಿ, ಅವಳ ಎರಡು ಪೆಟ್ಟಿಗೆ ಸ್ಪೀಕರು, ಒಂದು ಆಂಪ್ಲಿಫೈಯರು, ಸುರುಳಿ ಸುತ್ತಿದ ವೈರುಗಳು ಆಟೋ ಹತ್ತಿ ಹೊರಡುತ್ತವೆ. ಹಿಂದಿನ ಸೀಟಿನಲ್ಲಿ ಅವಳು, ಮಡಿಲಲ್ಲಿ ಮೈಕು. ಮರದ ಮೇಲೆ ಕಟ್ಟುವ ಕೊಳವೆ ಸ್ಪೀಕರು ಮಾತ್ರ ಅವಳಲ್ಲಿಲ್ಲ. ಕೇಳಿದವರಿಗೆ, "ಅದು ಬ್ಯಾಡಪ್ಪ. ಉತ್ತಮಪಾಳೆಯದಾಗೆ ಕೇಳ್ಕೊಳ್ರಿ" ಎಂದು ಹೇಳಿ ಕಳಿಸುತ್ತಾಳೆ.

ಗಂಡ ಸತ್ತ ಮೇಲೆ ಗಂಡಸರ ಕಸುಬನ್ನು ಕೈಗೆತ್ತಿಕೊಂಡವಳೆಂದು ಊರಿನಲ್ಲಿ ಅವಳಿಗೆ ಧೈರ್ಯವಂತೆ ಎಂಬ ಹೆಸರಿದೆ. ಹತ್ತಿರದಿಂದ ನೋಡಿದವರಿಗೆ ಗೊತ್ತು, ಅವಳು ಹೆದರಿಕೊಂಡೇ ಬದುಕಿದವಳು. ಒದ್ದೆ ನೆಲಕ್ಕೆ ಹೆದರುತ್ತಾಳೆ. ಗಾಳಿಗೆ ತೂಗುವ ತಂತಿಗೆ ಹೆದರುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಸದ್ದು ಮಾಡಿದರೆ ಎತ್ತುವ ಮೊದಲು ಗೋಡೆ ಹಿಡಿದುಕೊಳ್ಳುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ಒಳಕೋಣೆಯ ತಗಡಿನ ಟ್ರಂಕಿನಲ್ಲಿ, ಗಂಡನ ಪಂಚೆಯೊಂದರಲ್ಲಿ ಸುತ್ತಿಟ್ಟ ಒಂದು ಹಳೆಯ ಗ್ರಾಮಫೋನ್ ರೆಕಾರ್ಡಿಗೆ.

ಆ ರೆಕಾರ್ಡು ಬಂದದ್ದು ಆಫ್ರಿಕಾದಿಂದ. ಬೋಡಿನಾಯಕನೂರಿನ ದುರೈ ಮೇಷ್ಟ್ರು ಜಾಂಬಿಯಾ ದೇಶದ ತಾಮ್ರದ ಗಣಿಯ ಊರಿನಲ್ಲಿ ಗಣಿತ ಕಲಿಸುತ್ತಿದ್ದವರು. ಎಪ್ಪತ್ತರ ದಶಕದ ಕೊನೆಗೆ ಕೆಲಸ ಬಿಟ್ಟು ಮರಳಿದಾಗ ಅವರ ಪೆಟ್ಟಿಗೆಯಲ್ಲಿ ಅದೂ ಬಂತು. ಮೇಷ್ಟ್ರ ತಂಗಿಯ ಮದುವೆಗೆ ಮೈಕ್‌ಸೆಟ್ ಕಟ್ಟಲು ಕೊಂಬೈಯಿಂದ ಹೋಗಿದ್ದ ಗುರುಸಾಮಿ, ಆಗಿನ್ನೂ ಮೀಸೆ ಮೂಡುತ್ತಿದ್ದ ಪ್ರಾಯ, ಅದನ್ನು ಒಮ್ಮೆ ಹಾಕಿ ಕೇಳಿ, ಕೈಯಲ್ಲಿದ್ದ ವೈರನ್ನು ಕೆಳಗೆ ಬಿಟ್ಟುಬಿಟ್ಟನಂತೆ. ಮನೆಯಲ್ಲಿ ಬೇರೆ ಯಾರಿಗೂ ಬೇಡವಾಗಿದ್ದ ಹಾಡು. ಮೇಷ್ಟ್ರು, "ತಗೊಂಡು ಹೋಗಪ್ಪಾ" ಅಂದರು.

ಗುರುಸಾಮಿ ಅದನ್ನು ಟೆಸ್ಟಿಂಗ್ ರೆಕಾರ್ಡು ಮಾಡಿಕೊಂಡ. ಮೈಕ್‌ಸೆಟ್‌ನವರು ಕಾರ್ಯದ ಮನೆಯಲ್ಲಿ ಮೊದಲು ಹಾಕುವುದು ಪಿಳ್ಳೈಯಾರಿನ, ಅಂದರೆ ಗಣಪತಿಯ ಹಾಡು. ಅದಕ್ಕೂ ಮುಂಚೆ, ಸ್ಪೀಕರು ಕಟ್ಟಿ ಮುಗಿಸುವಾಗ, ಯಾವುದಾದರೂ ಒಂದನ್ನು ಹಾಕಿ ಪರೀಕ್ಷಿಸುತ್ತಾರೆ. "ನಮ್ಮ ಸಿನಿಮಾ ಪಾಟು ಕಿವಿಗೆ ಹೋಯ್ತದೆ. ಇದು ಹೊಟ್ಟೆಗೆ ಹೋಯ್ತದೆ" ಎನ್ನುತ್ತಿದ್ದ. ನೆಲದಡಿಯಿಂದ ಎದ್ದು ಬರುವ ಹಾಗೆ ದಪ್ಪ ತಂತಿಯ ಗಿಟಾರು, ಮುಗ್ಗರಿಸಿದಂತೆ ಮಾಡಿ ಮುಗ್ಗರಿಸದೆ ಓಡುವ ಡ್ರಮ್ಮು, ನಡುನಡುವೆ ಕಹಳೆ, ಎಲ್ಲದರ ಮೇಲೆ ಒಬ್ಬ ಹೆಂಗಸಿನ ಒರಟು ಕೊರಳು. ಮಾತು ಯಾರಿಗೂ ತಿಳಿಯದು. ಊರು ಅದಕ್ಕೆ ಆಪ್ರಿಕಾ ಪಾಟು ಎಂದು ಹೆಸರಿಟ್ಟಿತು. ಬೇವಿನ ಮರದಿಂದ ಅದು ಕೇಳಿಬಂದರೆ ಮಕ್ಕಳು ಚಪ್ಪರದ ಕಡೆಗೆ ಓಡುತ್ತಿದ್ದರು, ಹೆಂಗಸರು ಸೀರೆ ಬದಲಿಸುತ್ತಿದ್ದರು.

ಹಾಡಿನ ನಡುವೆ ಒಂದೆಡೆ ಎಲ್ಲ ವಾದ್ಯಗಳೂ ಒಟ್ಟಿಗೆ ನಿಲ್ಲುತ್ತವೆ. ಕೆಲವು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಗುರುಸಾಮಿಗೆ ಬೇಕಾಗಿದ್ದದ್ದು ಆ ಮೌನವೇ. ಆಗ ಸ್ಪೀಕರು ಗುಂಯ್ ಎನ್ನದಿದ್ದರೆ ವೈರೆಲ್ಲ ಸರಿಯಾಗಿದೆ ಎಂದು ಲೆಕ್ಕ. ಮರದ ಮೇಲೆ ಕಿವಿಗೊಟ್ಟು ಕೂತಿದ್ದು ಕೈಯೆತ್ತುವನು. ಕೆಳಗೆ ಆಂಪ್ಲಿಫೈಯರಿನ ಮುಂದೆ ಕೂತ ಜೆಯಲಕ್ಷ್ಮಿ ರೆಕಾರ್ಡು ಬದಲಿಸುವಳು. ಮದುವೆಯಾದ ದಿನದಿಂದ ಇಬ್ಬರೂ ಹೀಗೇ ಜೊತೆಯಾಗಿ ದುಡಿದವರು.

ಹದಿನೈದು ವರ್ಷದ ಹಿಂದೆ, ಐಪ್ಪಸಿ ತಿಂಗಳ ತುಂತುರು ಮಳೆಯಲ್ಲಿ, ಘಟ್ಟದ ಕಡೆಯಿಂದ ಬಂದ ಗಾಳಿಗೆ ಬೀದಿಯ ಕರೆಂಟು ತಂತಿ ಅವನು ಕೂತಿದ್ದ ಬೇವಿನ ಕೊಂಬೆಗೆ ತಾಗಿತು. ಹಾಡು ನಿಂತ ಆ ಮೌನದಲ್ಲೇ ಗುರುಸಾಮಿ ಕೂಗಿದ. ಆಮೇಲೆ ಡ್ರಮ್ಮು ಮತ್ತೆ ಶುರುವಾಗಿರಬೇಕು, ಹಾಡು ಕೊನೆಯವರೆಗೆ ಓಡಿರಬೇಕು. ಜೆಯಲಕ್ಷ್ಮಿಗೆ ಅದೊಂದೂ ಕೇಳಿಸಲಿಲ್ಲ. ಅಂದಿನಿಂದ ಅವಳೊಳಗೆ ಆ ಹಾಡು ಅಲ್ಲಿಗೇ ನಿಂತಿದೆ.

ಒಮ್ಮೆ ಆಗಿದ್ದರೆ ವಿಧಿ ಎಂದುಕೊಳ್ಳುತ್ತಿದ್ದಳೋ ಏನೋ. ಮೂರು ವರ್ಷ ಕಳೆದು ಕಂಬಂ ಊರಿನ ಒಂದು ಮದುವೆಯಲ್ಲಿ, ಅವಳು ಒಳಗೆ ಕಾಫಿ ಕುಡಿಯುತ್ತಿದ್ದಾಗ, ಕೂಲಿಗೆ ಬಂದಿದ್ದವನು ಗೊತ್ತಿಲ್ಲದೆ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಅದೇ ರೆಕಾರ್ಡು ಹಾಕಿದ. ಲೋಟ ಎಸೆದು ಓಡಿ ಬರುವಷ್ಟರಲ್ಲಿ ಮೌನ ಬಂದು ದಾಟಿತ್ತು. ಅದೇ ಸಂಜೆ ದಿಂಡುಕಲ್ಲಿನಿಂದ ಫೋನು. ಬೀಗ ಮಾಡುವ ಪಟ್ಟರೆಯಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ಈಶ್ವರನ್ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಎಸೆಯಬಹುದಿತ್ತು. ಆದರೆ ಪ್ರತಿ ಆಯುಧಪೂಜೆಗೆ ಗುರುಸಾಮಿ ಆ ರೆಕಾರ್ಡಿಗೆ ಗಂಧ ಕುಂಕುಮ ಇಡುತ್ತಿದ್ದ. ಪೂಜೆ ಮಾಡಿದ್ದನ್ನು ಕಸಕ್ಕೆ ಹಾಕುವುದು ಹೇಗೆ? ಅದಕ್ಕೇ ಟ್ರಂಕು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರಗೆ ತೆಗೆದು, ಮುಖ ಬೇರೆ ಕಡೆ ತಿರುಗಿಸಿ, ಅವಳೂ ಗಂಧ ಹಚ್ಚುವಳು. ಗುರುಸಾಮಿ ಇಡುತ್ತಿದ್ದದ್ದು ಒಂದು ಬೊಟ್ಟು. ಇವಳು ಅಂಗೈ ತುಂಬ ತೇದು, ಉಗ್ರ ದೇವತೆಯನ್ನು ತಣಿಸುವ ಹಾಗೆ, ನಡುವಿನ ಕಾಗದದ ಮೇಲೆಲ್ಲ ಬಳಿಯುವಳು. ವರ್ಷದ ಮೇಲೆ ವರ್ಷ ಗಂಧ ಪದರಗಟ್ಟಿತು.

ಕಳೆದ ವರ್ಷ ಮಗಳು ಯುವಶ್ರೀ ಬಸುರಿಯಾಗಿ ತಾಯಿಮನೆಗೆ ಬಂದಳು. ಗಂಡ ಕೊಡೈಕಾನಲ್‌ನ ಹೋಟೆಲೊಂದರಲ್ಲಿ ಅಡುಗೆಯವನು, ಅತ್ತೆಮನೆ ಬೋಡಿನಾಯಕನೂರು, ಜನರ ಬಾಯಲ್ಲಿ ಬೋಡಿ. ಏಳನೆಯ ತಿಂಗಳು. ಬಳೆ ತೊಡಿಸಿ ಕರೆತಂದಿದ್ದರು. ಮಲಗಿ ಮಲಗಿ ಬೇಸತ್ತು ಒಂದು ದಿನ ಅಪ್ಪನ ಟ್ರಂಕು ತೆರೆದಳು. ಗಂಧದ ಹೆಂಟೆಯಂಥ ರೆಕಾರ್ಡಿನ ಫೋಟೋ ತೆಗೆದು, ಹಳೆಯ ರೆಕಾರ್ಡು ಕೂಡಿಡುವವರ ಗುಂಪೊಂದಕ್ಕೆ ಹಾಕಿದಳು. ಕಾಗದದ ಅಂಚಿನಲ್ಲಿ ಒಂದಿಷ್ಟು ಅಕ್ಷರ ಕಾಣುತ್ತಿತ್ತು: ಕಫೂಯೆ ಬ್ರದರ್ಸ್.

ಎರಡು ದಿನದಲ್ಲಿ ಚೆನ್ನೈಯಿಂದ ಮನೋಜ್‌ಕುಮಾರ್ ಎಂಬವನ ಫೋನು. ಮರೆತುಹೋದ ಹಾಡುಗಳನ್ನು ಹುಡುಕಿ ಮತ್ತೆ ಹೊರತರುವವರ ಜೊತೆ ಅವನ ಕೆಲಸ. ಜಾಂಬಿಯಾದಲ್ಲಿ ಆ ರೆಕಾರ್ಡು ಅಚ್ಚಾದದ್ದೇ ಕೆಲವು ನೂರು, ಮೂಲ ಟೇಪು ಎಲ್ಲಿಯೂ ಇಲ್ಲ, ಹುಡುಕಿದವರಿಗೆ ಸಿಕ್ಕಿದ್ದು ಒಂದು ಮುರುಕು ಅಷ್ಟೇ ಎಂದ. ನುಡಿಸಿದವರೆಲ್ಲ ತೀರಿಹೋಗಿದ್ದರು. ಹಾಡಿದವಳು ಬದುಕಿದ್ದಾಳೆ, ಹೆಸರು ಬೀಟ್ರಿಸ್, ಹೊಲಿಗೆ ಕೆಲಸ ಮಾಡಿ ಬಾಳಿದವಳು, ಹರೆಯದಲ್ಲಿ ಹಾಡಿದ ತನ್ನ ಕೊರಳನ್ನು ಆಮೇಲೆ ಕೇಳಿಯೇ ಇಲ್ಲ.

ಯುವಶ್ರೀ ಹೇಳಿದ್ದನ್ನು ಕೇಳಿ ಜೆಯಲಕ್ಷ್ಮಿ ಮಗಳ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು.

"ಬಸ್ರಿ ಕೈಯಾಗೆ ಅದನ್ನ ಮುಟ್ಟಿದೆಯಾ ಡೀ?"

"ಫೋಟೋ ತಾನೇ ಮಾ ತೆಗೆದೆ. ಕಚ್ಚಿಬಿಡ್ತದಾ?"

ಪಕ್ಕದ ಮನೆಯಿಂದ ಚೆಲ್ಲಮ್ಮಾಳ್ ಬಂದಳು. ಗುರುಸಾಮಿಯ ಅಕ್ಕ, ನಾಲಗೆ ಹರಿತ. "ನನ್ ತಮ್ಮನ್ನ ಕೊಂದದ್ದು ಕರೆಂಟು ಕೂಸೇ, ಪಾಟಲ್ಲ. ಕರೆಂಟಿಗೆ ಬಯಪಟ್ಟು ಇವಳು ದೀಪ ಹಾಕೋದ ಬಿಟ್ಟಾಳಾ? ಫ್ಯಾನು ಇಲ್ಲದೆ ಒಂದು ದಿನ ಮಲಗಾಕಿಲ್ಲ!"

"ಅತ್ತಿಗೆ, ನಿಮಗೆ ಆಟ. ಈಶ್ವರನ್ ಹೋದದ್ದು ಯಾವ ಕರೆಂಟಿನಿಂದ?"

ಚೆಲ್ಲಮ್ಮಾಳ್ ಸೆರಗು ಸರಿಮಾಡಿಕೊಂಡು ತನ್ನ ಮನೆಗೆ ಹೊರಟಳು.

ರೆಕಾರ್ಡನ್ನು ಚೆನ್ನೈಯವರೇ ಒಯ್ಯಲಿ, ಮನೆಯಿಂದ ತೊಲಗಲಿ ಎಂದು ಜೆಯಲಕ್ಷ್ಮಿ ಒಪ್ಪಿದಳು. ಮನೋಜ್‌ಕುಮಾರ್ ಬಂದು ಪಂಚೆ ಬಿಚ್ಚಿ ನೋಡಿದವನು ಮುಟ್ಟದೆ ಕೈ ಹಿಂದೆಗೆದ. ಅಂಚಿನಿಂದ ಒಳಗೆ ಕೂದಲೆಳೆಯಂಥ ಸೀಳು ಹೋಗಿತ್ತು. "ಅಕ್ಕಾ, ಇದು ಬಸ್ಸೇರಿದರೆ ಮದುರೈ ಮುಟ್ಟುವ ಮೊದಲೇ ಎರಡು ತುಂಡು" ಎಂದು ತಮಿಳಿನಲ್ಲಿ ಹೇಳಿದ. "ಇಲ್ಲೇ ಒಂದು ಸಲ, ಒಂದೇ ಒಂದು ಸಲ ಮುಳ್ಳು ಓಡಿಸಿ ಹಾಡನ್ನು ಮುದ್ರಿಸಿಕೊಳ್ಳುತ್ತೇನೆ. ನಾಳೆ ಯಂತ್ರ ತರುತ್ತೇನೆ."

ಈ ಮನೆಯಲ್ಲಿ, ಈ ಸೂರಿನಡಿ, ಮಗಳ ಹೊಟ್ಟೆಯಲ್ಲಿ ಕೂಸು ಇರುವಾಗ. ಅವಳು ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಒಂದು ಷರತ್ತು ಹಾಕಿದಳು. ಯುವಶ್ರೀ ಬೋಡಿಗೆ ಅತ್ತೆಮನೆಗೆ ಹೋಗಬೇಕು. ನಡುವೆ ಅಷ್ಟು ದೂರ ಇರಬೇಕು. ಅವಳು ಅಲ್ಲಿ ಇಳಿದೆ ಎಂದು ಫೋನು ಮಾಡಿದ ಮೇಲೆಯೇ ಮುಳ್ಳು ಇಡಬೇಕು.

ಮಗಳು ಗೊಣಗುತ್ತ ಬಸ್ಸಿಗೆ ಹೊರಟಳು. ಮನೋಜ್‌ಕುಮಾರ್ ಯಂತ್ರ ತಂದು ನಡುಮನೆಯಲ್ಲಿ ಇಟ್ಟು ರೆಕಾರ್ಡು ತೊಳೆಯಲು ಕೂತ. ಮೆತ್ತನೆಯ ಬಟ್ಟೆಯಿಂದ ಗೆರೆಗಳ ಗಂಧ ಮೆಲ್ಲಗೆ ಬಿಟ್ಟಿತು, ನೀರು ಹಳದಿಯಾಯಿತು, ಕಪ್ಪು ಹೊಳೆಯತೊಡಗಿತು. ನಡುವಿನ ಕಾಗದದ ಸರದಿ ಬಂದಾಗ ಗಂಧದ ಹೆಪ್ಪಿನ ಜೊತೆ ಕಾಗದವೂ ಎದ್ದು ಬಂತು. ನುಡಿಸಿದವರ ಹೆಸರು ಅಚ್ಚಾಗಿದ್ದ ಜಾಗ ಅದು. ಅವನ ಬೆರಳ ತುದಿಯಲ್ಲಿ ಉಳಿದದ್ದು ಕುಂಕುಮ ಬೆರೆತ ಕೆಂಪು ಮುದ್ದೆ.

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಜೆಯಲಕ್ಷ್ಮಿ ಆ ಮುದ್ದೆಯನ್ನೇ ನೋಡುತ್ತ, "ಹೆಸರು ಹೋಯ್ತಾ?" ಎಂದಳು. ಅವಳಿಗೆ ಹೊಸ ಭಯ ಶುರುವಾಯಿತು. ಸತ್ತವರ ಹೆಸರು ಅಳಿಸಿದ ಮನೆ ಇದು. ಇನ್ನೇನು ಬರಲಿದೆಯೋ.

ಮನೋಜ್‌ಕುಮಾರ್ ಬೀಟ್ರಿಸ್‌ಗೆ ಫೋನು ಹಚ್ಚಿದ. ಪರದೆಯ ಮೇಲೆ ತೆಳ್ಳಗಿನ ಮುದುಕಿ, ತಲೆಗೆ ನೀಲಿ ಬಟ್ಟೆ, ಹಿಂದೆ ಹೊಲಿಗೆಯಂತ್ರ. ವಿಷಯ ಕೇಳಿ ಮುದುಕಿ ನಕ್ಕಳು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವನು ತಮಿಳಿಗೆ ತಿರುಗಿಸಿದ: "ಅದರಲ್ಲಿ ನನ್ನ ಹೆಸರು ಮೊದಲೇ ಇರಲಿಲ್ಲ. ಬ್ರದರ್ಸ್ ಅಂತ ತಂಡಕ್ಕೆ ಹೆಸರಿಟ್ಟ ಮೇಲೆ ತಂಗಿಯ ಹೆಸರನ್ನು ಯಾರು ಹಾಕುತ್ತಾರೆ?"

ಅಷ್ಟರಲ್ಲಿ ಬಾಗಿಲಲ್ಲಿ ಯುವಶ್ರೀ. ಕೈಯಲ್ಲಿ ಚೀಲ, ಹಣೆಯಲ್ಲಿ ಬೆವರು.

"ಬಸ್ಸು ಹೋಯ್ತು. ನಾನು ಹತ್ತಲಿಲ್ಲ."

ಜೆಯಲಕ್ಷ್ಮಿ ಎದ್ದು ಯಂತ್ರದ ಮುಚ್ಚಳವನ್ನು ಪಟ್ಟೆಂದು ಮುಚ್ಚಿದಳು. "ಇವತ್ತು ಇಲ್ಲ. ಎಂದೂ ಇಲ್ಲ. ತಂಬಿ, ಎತ್ತಿಕೊಂಡು ಹೊರಡಪ್ಪಾ."

"ಅಮ್ಮಾ, ಸುಮ್ನಿರು ಮಾ. ಅದು ಅಪ್ಪಂದು. ಅಪ್ಪಂದು ಅಂತ ನಂಗೆ ಏನೈತೆ ಹೇಳು? ಒಂದು ಫೋಟೋ, ಅದರಾಗೂ ಅರ್ಧ ಮುಖ. ಆ ಪಾಟು ಕೇಳಿದ್ರೆ ಓಡ್ಕೊಂಡು ಬರ್ತಿದ್ನಂತೆ ನಾನು. ಒಂದು ಸಲ ಕೇಳ್ತೀನಿ."

"ಹೊಟ್ಟೆಯಾಗೆ ಇರೋದಕ್ಕೆ ಏನಾನ ಆದ್ರೆ? ಆಗ ಯಾರನ್ನ ಕೇಳ್ಲಿ ಡೀ ನಾನು? ನಿಮ್ಮಪ್ಪನ್ನ ಕೇಳ್ಲಾ?"

ಯುವಶ್ರೀಗೆ ಸಿಟ್ಟು ಬಂದರೆ ಮನೆಯೊಳಗೆ ಆಡುವ ಕನ್ನಡ ಬಾಯಿಗೆ ಬರುವುದಿಲ್ಲ. ತಮಿಳಿನಲ್ಲಿ ಏನೇನೋ ಕೂಗಿ ಅಳತೊಡಗಿದಳು. ಸದ್ದು ಕೇಳಿ ಚೆಲ್ಲಮ್ಮಾಳ್ ಓಡಿ ಬಂದಳು. ಪರದೆಯೊಳಗಿನ ಮುದುಕಿ ಏನಾಯಿತೆಂದು ಕೇಳುತ್ತಲೇ ಇದ್ದಳು. ಮನೋಜ್‌ಕುಮಾರ್ ಸಂಕೋಚದಿಂದ, ಬೇವಿನ ಮರ, ದಿಂಡುಕಲ್ಲಿನ ತಮ್ಮ, ಬಸುರಿ ಮಗಳು, ಎಲ್ಲವನ್ನೂ ಅವಳಿಗೆ ಹೇಳಿದ.

ಮುದುಕಿ ಫೋನನ್ನು ಮುಖದ ಹತ್ತಿರ ಹಿಡಿದಳು. ಆಮೇಲೆ, "ಆಕೆಯನ್ನು ಇಲ್ಲಿ ಕೂರಿಸು" ಎಂದಳು. ಜೆಯಲಕ್ಷ್ಮಿ ಕೂರಲಿಲ್ಲ, ನಿಂತೇ ಕೇಳಿದಳು.

"ನಮ್ಮ ಮನೆಯಲ್ಲೂ ಇದೊಂದು ಇತ್ತು" ಎಂದಳು ಬೀಟ್ರಿಸ್. "ನಮ್ಮ ಊರಿಗೆ ಆ ಕಾಯಿಲೆ ಬಂತಲ್ಲ, ಹರೆಯದವರನ್ನೇ ಒಯ್ದ ಕಾಯಿಲೆ. ಮೊದಲು ಡ್ರಮ್ಮಿನವನು ಹೋದ. ಆಮೇಲೆ ಗಿಟಾರಿನವನು. ಆಮೇಲೆ ನನ್ನ ಅಣ್ಣ. ಈ ಹಾಡು ಹುಡುಗರನ್ನು ತಿನ್ನುತ್ತಿದೆ ಎಂದು ಜನ ಆಡಿಕೊಂಡರು. ನಮ್ಮಮ್ಮ ರೆಕಾರ್ಡನ್ನು ಅಂಗಳಕ್ಕೆ ತಂದು ಜೋಳ ಕುಟ್ಟುವ ಒನಕೆಯಿಂದ ಒಡೆದಳು. ನೋಡಿ ನೆರೆಹೊರೆಯವರೂ ತಮ್ಮಲ್ಲಿದ್ದದ್ದನ್ನು ಒಡೆದರು. ನಾನು ತಡೆಯಲಿಲ್ಲ. ನನಗೂ ಭಯವಾಗಿತ್ತು."

ಜೆಯಲಕ್ಷ್ಮಿ ಮೊದಲ ಸಲ ಆ ಮುಖವನ್ನು ನೇರವಾಗಿ ನೋಡಿದಳು. ತನ್ನ ಹಾಗೆ ಆ ಹಾಡಿಗೆ ಹೆದರಿದ ಇನ್ನೊಬ್ಬಳು ಈ ಭೂಮಿಯ ಮೇಲೆ ಇದ್ದಾಳೆಂದು ಅವಳು ಎಣಿಸಿರಲಿಲ್ಲ.

"ತಂಬಿ, ಒಂದು ಕೇಳಪ್ಪಾ" ಎಂದಳು. "ಒಡೆದ ಮೇಲೆ ಸಾವು ನಿಂತಿತಾ ಅಂತ ಕೇಳು."

ಅವನು ಕೇಳಿದ. ಮುದುಕಿ ತಲೆಯ ಬಟ್ಟೆಯನ್ನು ಸರಿಪಡಿಸಿಕೊಂಡಳು.

"ಇಲ್ಲ. ಆಮೇಲೆ ಕಹಳೆಯವರು ಹೋದರು. ಎರಡು ವರ್ಷದಲ್ಲಿ ಅಮ್ಮನೂ."

ಜೆಯಲಕ್ಷ್ಮಿ ಗೋಡೆಗೆ ಒರಗಿದಳು. ಆ ಮಾತು ಅವಳ ಭಯವನ್ನು ತೆಗೆದುಹಾಕಿತೆಂದು ಹೇಳಲಾಗದು. ಭಯ ಹಾಗೆಯೇ ಇತ್ತು, ಆದರೆ ಅದಕ್ಕೆ ಹಿಡಿದುಕೊಳ್ಳಲು ಇದ್ದದ್ದೊಂದು ಕೈಬಿಟ್ಟು ಹೋಗಿತ್ತು. ಒಡೆದರೂ ಸತ್ತರು. ಮುಚ್ಚಿಟ್ಟರೂ ಸಾಯುವವರು ಸಾಯುತ್ತಾರೆ. ಹಾಗಾದರೆ ಇಷ್ಟು ವರ್ಷ ತಾನು ಗಂಧ ಬಳಿದು ತಣಿಸಿದ್ದು ಯಾರನ್ನು?

"ಕೂಸೇ, ಮಂಚದ ಮ್ಯಾಲೆ ಕೂರು" ಎಂದಳು ಮಗಳಿಗೆ. "ಕಾಲು ನೆಲಕ್ಕೆ ತಾಗಬಾರದು."

ಹೊರಗೆ ಹೋಗಿ ಮನೆಯ ಮೈನ್ ಸ್ವಿಚ್ಚನ್ನೇ ಕೆಳಗೆ ಎಳೆದು ಬಂದಳು. ಫ್ಯಾನು ನಿಂತಿತು. ಯಂತ್ರ ಬ್ಯಾಟರಿಯಲ್ಲಿ ಓಡುವಂಥದ್ದು. ಅದನ್ನೂ ಒಮ್ಮೆ ಸುತ್ತ ಬಗ್ಗಿ ನೋಡಿದಳು. ಬಾಗಿಲಿನ ಹೊರಗೆ ಬೀದಿಯ ತಂತಿ ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ಅದಕ್ಕೂ ಬಾಗಿಲು ಹಾಕಿದಳು.

"ಮಿಲಿಟರಿ ಬರ್ತೈತೇನೋ ಅಂಬಂಗೆ ಮಾಡ್ತಾಳೆ ನೋಡು" ಎಂದಳು ಚೆಲ್ಲಮ್ಮಾಳ್. ಆದರೆ ಅವಳೂ ಕಾಲನ್ನು ಮಂಚದ ಮೇಲೆ ಎತ್ತಿಟ್ಟುಕೊಂಡಳು.

ಮಂಚದ ತುದಿಗೆ ಕೂತು ಜೆಯಲಕ್ಷ್ಮಿ ಮಗಳ ಕೈಯನ್ನು ಬಳೆಗಳ ಸಮೇತ ಹಿಡಿದುಕೊಂಡಳು. "ಹಾಕು ತಂಬಿ."

ಮುಳ್ಳು ಇಳಿಯಿತು. ಸೀಳಿನ ಮೇಲೆ ಹಾಯುವಾಗಲೆಲ್ಲ ಟಿಕ್ ಎಂಬ ಸದ್ದು. ಮನೋಜ್‌ಕುಮಾರ್ ಹಲ್ಲು ಕಚ್ಚಿ ಕೂತಿದ್ದ. ದಪ್ಪ ತಂತಿಯ ಗಿಟಾರು ನೆಲದಿಂದೆದ್ದು ಬಂತು.

ಫೋನಿನೊಳಗಿಂದ ಬೀಟ್ರಿಸ್ ಎಂದಳು: "ಜೋಸೆಫ್. ನನ್ನ ಅಣ್ಣ."

ಡ್ರಮ್ಮು ಸೇರಿತು. "ಚಂಡಾ. ಅವನಿಗೆ ಒಂದು ಕಾಲು ಕುಂಟು, ಅದಕ್ಕೇ ಹಾಗೆ ಬಾರಿಸುತ್ತಿದ್ದ." ಸಣ್ಣ ಗಿಟಾರು ಕೆರೆಯಿತು. "ಮುಲೆಂಗಾ. ಗಣಿಯಲ್ಲಿ ಹಗಲು ಪಾಳಿ ಮುಗಿಸಿ ಬರುತ್ತಿದ್ದ." ಕಹಳೆಗಳು ಎದ್ದವು. "ಬ್ವಾಲ್ಯಾ, ಅವನ ಮಾವ ಕಪಾಸಾ." ಯುವಶ್ರೀ ಒಂದು ಕೈಯಲ್ಲೇ ಫೋನಿನಲ್ಲಿ ಹೆಸರುಗಳನ್ನು ಒತ್ತಿಕೊಳ್ಳುತ್ತಿದ್ದಳು, ಇನ್ನೊಂದು ಕೈಯನ್ನು ತಾಯಿ ಬಿಡುತ್ತಿರಲಿಲ್ಲ. ಆಮೇಲೆ ಹೆಂಗಸಿನ ಕೊರಳು ಬಂತು. ಬೀಟ್ರಿಸ್ ಯಾವ ಹೆಸರನ್ನೂ ಹೇಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಮೌನ ಬರುವುದು ಜೆಯಲಕ್ಷ್ಮಿಗೆ ಮುಂಚೆಯೇ ತಿಳಿಯಿತು. ಡ್ರಮ್ಮು ಮೂರು ಸಲ ಹತ್ತಿ ಇಳಿಯುತ್ತದೆ, ಆಮೇಲೆ ಅದು. ಎದ್ದು ಮುಳ್ಳನ್ನು ಎತ್ತಿಬಿಡಬೇಕೆನಿಸಿತು. ಮಗಳ ಮುಖ ನೋಡಿದಳು, ಹೊಟ್ಟೆ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು.

ಎಲ್ಲ ವಾದ್ಯವೂ ನಿಂತಿತು.

ಮನೆಯಲ್ಲಿ ಕರೆಂಟಿಲ್ಲ, ಫ್ಯಾನಿಲ್ಲ, ಗುಂಯ್ ಎನ್ನುವುದು ಒಂದೂ ಇಲ್ಲ. ಅವಳು ಕೂಗಿಗಾಗಿ ಕಾದಳು. ಅವಳ ಮೈಯೆಲ್ಲ ಆ ಕೂಗಿಗಾಗಿ ಕಾಯಿತು. ಹೊರಗೆ ಎಲ್ಲಿಯೋ ಒಂದು ಆಡು ಅರಚಿತು. ಚೆಲ್ಲಮ್ಮಾಳ್ ಗಂಟಲು ಸರಿಮಾಡಿಕೊಂಡಳು.

ಚಂಡಾ ಡ್ರಮ್ಮಿಗೆ ಏಟು ಹಾಕಿದ. ಜೋಸೆಫ್ ಹಿಂದೆಯೇ ಬಂದ. ಹಾಡು ಮುಂದಕ್ಕೆ ಹೋಯಿತು.

ಜೆಯಲಕ್ಷ್ಮಿ ಅಳುತ್ತಿದ್ದಾಳೆಂದು ಯುವಶ್ರೀಗೆ ತಿಳಿದದ್ದು ಕೈಗೆ ನೀರು ತಾಗಿದಾಗ. ಅಳುತ್ತಲೇ ಜೆಯಲಕ್ಷ್ಮಿ ಕೊನೆಯವರೆಗೂ ಕೇಳಿದಳು. ಕೊನೆಯಲ್ಲಿ ಹಾಡು ಮುಗಿಯುವುದಿಲ್ಲ, ಎಲ್ಲರೂ ನುಡಿಸುತ್ತಿರುವಂತೆಯೇ ಮೆಲ್ಲಗೆ ದೂರ ಹೋಗುತ್ತದೆ. ಅದನ್ನು ಅವಳು ಮರೆತೇಬಿಟ್ಟಿದ್ದಳು.

ಅಂದು ಸಂಜೆ, ಮರುದಿನ, ಅದರ ಮರುವಾರ, ಫೋನು ಸದ್ದು ಮಾಡಿದಾಗಲೆಲ್ಲ ಅವಳು ಗೋಡೆ ಹಿಡಿದಳು. ತೇನಿಯ ಆಸ್ಪತ್ರೆಯಲ್ಲಿ ಯುವಶ್ರೀಗೆ ಹೆಣ್ಣುಮಗು ಹುಟ್ಟಿ, ಅತ್ತು, ಹಾಲು ಕುಡಿಯುವವರೆಗೂ ಹಿಡಿದಳು. ಈಗಲೂ ಹಿಡಿಯುತ್ತಾಳೆ. ಅಷ್ಟು ವರ್ಷದ ಹೆದರಿಕೆ ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ.

ಆದರೆ ಅಂದು ಮುಳ್ಳು ಎತ್ತಿದ ಮೇಲೆ ಇನ್ನೊಂದು ನಡೆಯಿತು. ಬೀಟ್ರಿಸ್ ಕಣ್ಣು ಒರೆಸಿಕೊಂಡು, ಹೊಸ ರೆಕಾರ್ಡಿನ ಹೊದಿಕೆಯ ಮೇಲೆ ಸತ್ತವರೆಲ್ಲರ ಹೆಸರು ಬರಬೇಕು ಎಂದಳು. ಒಡೆಯದೆ ಉಳಿಸಿದವನ ಹೆಸರೂ ಬರಬೇಕು. "ಆತನ ಹೆಸರೇನು? ಆಕೆಯ ಬಾಯಲ್ಲೇ ಕೇಳಬೇಕು."

ಮನೋಜ್‌ಕುಮಾರ್ ಫೋನನ್ನು ಜೆಯಲಕ್ಷ್ಮಿಯ ಮುಂದೆ ಹಿಡಿದ. ಅವಳು ಚೆಲ್ಲಮ್ಮಾಳ್ ಕಡೆ ನೋಡಿದಳು. ಅವರ ಕುಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ತಗ್ಗುತ್ತದೆಂಬ ಅಂಜಿಕೆ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕೊನೆಗೆ ಪೊಲೀಸರು ಕೇಳಿದ ದಿನವೂ ಬೇರೆ ಯಾರಾದರೂ ಹೇಳಿದ್ದರು.

"ನಾನು ಹೇಳ್ಲಾ ಮಾ?" ಎಂದಳು ಯುವಶ್ರೀ.

"ಬ್ಯಾಡ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತುಟಿ ಎರಡು ಸಲ ಅಲುಗಿತು.

"ಗುರುಸಾಮಿ."

ಅತ್ತಲಿಂದ ಗೊರಗೊರ ಸದ್ದು. ಸರಿಯಾಗಿ ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಹೇಳಬೇಕಂತೆ.

ಜೆಯಲಕ್ಷ್ಮಿ ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ಮೈಕು ಹಿಡಿಯುವ ಹಾಗೆ ಬಾಯಿಂದ ಒಂದಿಷ್ಟು ದೂರ ಹಿಡಿದಳು. ಬೀದಿಯ ಕೊನೆಯ ಮನೆಗೂ ಕೇಳಿಸುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ, ಮತ್ತೆ ಹೇಳಿದಳು.